ಎಳೆಯ ಸಾಕ್ಷ್ಯ ಮತ್ತು ಕ್ರಿಯಾಪದದ ಹೊಣೆ

ಎರಡು ವಸ್ತುಗಳು ಪರಸ್ಪರ ತಾಗಿದಾಗ ಒಂದರ ಕುರುಹು ಮತ್ತೊಂದಕ್ಕೆ ಅಂಟುತ್ತದೆ. 1910ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಪೊಲೀಸ್ ಪ್ರಯೋಗಾಲಯವನ್ನು ಆರಂಭಿಸಿದ ಎಡ್ಮಂಡ್ ಲೋಕಾರ್ಡ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಈ ತತ್ತ್ವವೇ ವಿಧಿವಿಜ್ಞಾನದಲ್ಲಿ ನೂಲೆಳೆಯ ಪರೀಕ್ಷೆಗೆ ತಳಹದಿ.

ಇದರ ಮೊದಲ ಪಾಠಕ್ಕೆ ಕೊಲ್ಹಾಪುರದ ಯಾವ ಕಾಲೇಜಿನಲ್ಲಿಯೂ ದುಬಾರಿ ಸಾಮಗ್ರಿ ಬೇಕಾಗದು. ಸೂಕ್ಷ್ಮದರ್ಶಕ, ಗಾಜಿನ ಫಲಕ, ಒಂದು ಹನಿ ಗ್ಲಿಸರಿನ್ ಸಾಕು. ಹತ್ತಿಯ ಎಳೆ ತಿರುಚಿದ ಪಟ್ಟಿಯಂತೆ ಕಾಣುತ್ತದೆ. ಉಣ್ಣೆಯ ಮೇಲೆ ಹೆಂಚು ಹೊದಿಸಿದಂತೆ ಹುರುಪೆಗಳಿರುತ್ತವೆ. ಪಾಲಿಯೆಸ್ಟರ್ ಸಾಮಾನ್ಯವಾಗಿ ಗಾಜಿನ ಕಡ್ಡಿಯಂತೆ ನಯವಾಗಿರುತ್ತದೆ. ಸುಟ್ಟಾಗ ಹತ್ತಿ ಕಾಗದದ ವಾಸನೆಯನ್ನೂ ಉಣ್ಣೆ ಕೂದಲಿನ ವಾಸನೆಯನ್ನೂ ಬೀರುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆದರೆ ಸುಡುವುದು ತರಗತಿಯ ಮಾದರಿಗೆ ಮಾತ್ರ ಸಲ್ಲುತ್ತದೆ. ಮೊಕದ್ದಮೆಯ ಏಕೈಕ ಎಳೆಯನ್ನು ಸುಟ್ಟರೆ ಸಾಕ್ಷ್ಯವೇ ನಾಶವಾಗುತ್ತದೆ.

ಗುರುತಿಸುವುದಕ್ಕಿಂತ ಕಠಿಣವಾದದ್ದು ಬೆಲೆ ಕಟ್ಟುವುದು. ಇಚಲಕರಂಜಿಯಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಯಂತ್ರಮಗ್ಗವನ್ನು ಹೂಡಿದರು. ಇಂದು ಅದು ಮಗ್ಗಗಳ ಊರು. ಅಲ್ಲಿ ಒಬ್ಬನ ಅಂಗಿಯ ಮೇಲೆ ಬಿಳಿ ಹತ್ತಿಯ ಎಳೆ ಸಿಕ್ಕರೆ ಅದು ಏನನ್ನೂ ಸಾಧಿಸದು. ಗಡಹಿಂಗ್ಲಜದ ಕಡೆಯ ಕರಿ ಕಂಬಳಿಯ ಉಣ್ಣೆ ಸಿಕ್ಕರೆ ಅದರ ಬೆಲೆ ತುಸು ಹೆಚ್ಚು. ಆದರೂ ಅಂಥ ಕಂಬಳಿ ಒಂದೇ ಮನೆಯಲ್ಲಿರುವುದಿಲ್ಲ. ಎಳೆಗಳು ಹೊಂದದಿದ್ದರೆ 'ಇದು ಆ ಬಟ್ಟೆಯದಲ್ಲ' ಎನ್ನಬಹುದು. ಹೊಂದಿದರೆ 'ಇದು ಅದರದೇ' ಎನ್ನಲಾಗದು.

ಕನ್ನಡದ ವಿದ್ಯಾರ್ಥಿಗೆ ಇಲ್ಲಿ ಕೆಲಸವಿದೆ. ತಜ್ಞರ ಮಾತನ್ನು 1872ರ ಸಾಕ್ಷ್ಯ ಅಧಿನಿಯಮದ 45ನೆಯ ಕಲಮು 'ಅಭಿಪ್ರಾಯ'ವೆಂದೇ ಕರೆಯಿತು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೆಯ ಕಲಮೂ ಹಾಗೆಯೇ ಕರೆಯುತ್ತದೆ. ಆದ್ದರಿಂದ ಪ್ರಯೋಗದ ವರದಿಯಲ್ಲಿ 'ಎಳೆ ಈ ಕಂಬಳಿಯಿಂದ ಬಂದಿದೆ' ಎಂಬ ನಿಶ್ಚಯ ಸಲ್ಲದು. 'ಈ ಕಂಬಳಿಯ ಎಳೆಯನ್ನು ಹೋಲುತ್ತದೆ. ಇದರಿಂದ ಬಂದಿದ್ದೀತು' ಎಂಬುದು ಸರಿ. ವ್ಯಾಕರಣದ ತರಗತಿಯಲ್ಲಿ ಕಲಿತ ಸಂಭಾವನಾರ್ಥಕ ರೂಪ ಇಲ್ಲಿ ಒಬ್ಬ ಮನುಷ್ಯನ ಸ್ವಾತಂತ್ರ್ಯವನ್ನು ಕಾಯುತ್ತದೆ.

ಎರಡು ಭಾಷೆಗಳ ನಡುವೆ ಬದುಕುವ ಗಡಿನಾಡಿನಲ್ಲಿ ಈ ಹೊಣೆ ಇಮ್ಮಡಿಯಾಗುತ್ತದೆ. ಕನ್ನಡದ 'ಇದ್ದೀತು' ಮರಾಠಿಗೆ ಹೋಗುವಾಗ 'ಅಸೇಲ' ಆಗಬೇಕು. ಅದು 'ಆಹೇ' ಆದರೆ, ಅಭಿಪ್ರಾಯವು ಅನುವಾದದಲ್ಲಿಯೇ ತೀರ್ಪಾಗಿಬಿಡುತ್ತದೆ.