ಬಣ್ಣಕ್ಕೆ ಸಿಕ್ಕ ರೋಗಾಣು, ಮದ್ದಿಗೆ ಬಗ್ಗದ ರೋಗಾಣು

ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಸಾಕು, ಕೆಂಪಾಗುತ್ತದೆ. ಆರತಿಗೆ ಈ ನೀರು ಕಲಸಿದವರಿಗೆಲ್ಲ ಗೊತ್ತು. ಕ್ಷಾರ ತಗುಲಿದೊಡನೆ ಕೆಲವು ಬಣ್ಣಗಳು ಬದಲಾಗುತ್ತವೆ. ಎಂಡೋಸ್ಕೋಪಿ ಕೋಣೆಯಲ್ಲಿ ನಡೆಯುವ ಒಂದು ಪರೀಕ್ಷೆಯ ತತ್ವವೂ ಇದೇ. ಜಠರದ ಒಳಪದರದಿಂದ ಅಕ್ಕಿನುಚ್ಚಿನಷ್ಟು ಚೂರು ಚಿವುಟಿ, ಯೂರಿಯಾ ಮತ್ತು ಫೀನಾಲ್ ರೆಡ್ ಎಂಬ ಬಣ್ಣ ಬೆರೆತ ಹಳದಿ ಜೆಲ್‌ನಲ್ಲಿ ಇಡುತ್ತಾರೆ. ಅದರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದ್ದರೆ, ಅದರ ಯೂರಿಯೇಸ್ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯ ಬಿಡುತ್ತದೆ. ಅಮೋನಿಯ ಕ್ಷಾರ. ಚೂರಿನ ಸುತ್ತಲಿನ ಹಳದಿ ನಿಧಾನವಾಗಿ ಗುಲಾಬಿಯಾಗುತ್ತದೆ.

ಜೆಲ್‌ನಲ್ಲಿ ಈ ಬ್ಯಾಕ್ಟೀರಿಯಾದ ಗುಟ್ಟು ಬಿಟ್ಟುಕೊಡುವ ಅಮೋನಿಯವೇ ಜಠರದಲ್ಲಿ ಅದರ ಕವಚ. ಸುತ್ತಲಿನ ಆಮ್ಲವನ್ನು ಶಮನಗೊಳಿಸಿಕೊಂಡು ಅದು ಲೋಳೆಪದರದಡಿ ದಶಕಗಟ್ಟಲೆ ಬದುಕುತ್ತದೆ. ಆಸ್ಟ್ರೇಲಿಯದ ಪರ್ತ್‌ನಲ್ಲಿ 1982ರಲ್ಲಿ ಇದನ್ನು ಬೆಳೆಸಿ ತೋರಿಸಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಹೊಟ್ಟೆಹುಣ್ಣಿಗೆ ಖಾರ, ಚಿಂತೆಗಳೇ ಕಾರಣ ಎಂಬ ನಂಬಿಕೆ ಅಲ್ಲಿಗೆ ಸಡಿಲವಾಯಿತು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಸೋಂಕು ತಗುಲಿದವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಹುಣ್ಣಾಗುತ್ತದೆ, ಇನ್ನೂ ಕೆಲವರಿಗೆ ಕ್ಯಾನ್ಸರ್.

ಹಾಗಾದರೆ ಪತ್ತೆಯಾದ ಮೇಲೆ ಗುಣವಾಗುವುದು ಸುಲಭವೇ? ಇಲ್ಲಿಂದಲೇ ಆತಂಕ ಶುರು. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಸಂಶೋಧಕರು ಪರ್ತ್‌ನವರ ಜೊತೆಗೂಡಿ, ಅಜೀರ್ಣದ ತೊಂದರೆಯಿಂದ ಬಂದ ಕರ್ನಾಟಕದ ರೋಗಿಗಳಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾಗಳ ಮೇಲೆ ಔಷಧಗಳನ್ನು ಪರೀಕ್ಷಿಸಿದರು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಸುಮಾರು ಶೇ. 80ರಷ್ಟು ಮೆಟ್ರೊನಿಡಜೋಲ್‌ಗೆ ಬಗ್ಗಲಿಲ್ಲ. ಅರ್ಧಕ್ಕಿಂತ ಹೆಚ್ಚು ಲೆವೊಫ್ಲಾಕ್ಸಸಿನ್‌ಗೆ ಬಗ್ಗಲಿಲ್ಲ. ಕ್ಲಾರಿಥ್ರೊಮೈಸಿನ್ ವಿಷಯದಲ್ಲಿ ಐದರಲ್ಲೊಂದು. ಒಂದು ಊರಿನಲ್ಲಿ ಈ ಪ್ರತಿರೋಧ ಶೇ. 15 ದಾಟಿದರೆ, ಪರೀಕ್ಷಿಸದೆ ಕ್ಲಾರಿಥ್ರೊಮೈಸಿನ್ ಆಧಾರಿತ ಮೂರು ಔಷಧಗಳ ಚಿಕಿತ್ಸೆ ಕೊಡಬಾರದು ಎನ್ನುತ್ತದೆ ಯುರೋಪಿನ ತಜ್ಞರ ಮಾರ್ಗಸೂಚಿ. ನಾವು ಆ ಗೆರೆಯನ್ನು ಆಗಲೇ ದಾಟಿದ್ದೆವು.

ಈ ಪ್ರತಿರೋಧ ಬಂದದ್ದು ಹೊಟ್ಟೆಹುಣ್ಣಿನ ಚಿಕಿತ್ಸೆಯಿಂದ ಮಾತ್ರವಲ್ಲ. ಮೆಟ್ರೊನಿಡಜೋಲ್ ನಮ್ಮಲ್ಲಿ ಭೇದಿಯ ಮಾತ್ರೆ. ಲೆವೊಫ್ಲಾಕ್ಸಸಿನ್‌ನ ಬಳಗದವು ಉರಿಮೂತ್ರಕ್ಕೆ, ಜ್ವರಕ್ಕೆ. ಕೆಮ್ಮಿಗೆಂದು ನುಂಗುವ ಅಜಿಥ್ರೊಮೈಸಿನ್ ಕ್ಲಾರಿಥ್ರೊಮೈಸಿನ್‌ನ ದಾಯಾದಿ. ಮೂರು ದಿನ ನುಂಗಿ ಬಿಟ್ಟ ಒಂದೊಂದು ಪಟ್ಟಿಯೂ, ಯಾವ ಕಾಯಿಲೆಗೆ ಕೊಂಡದ್ದಾದರೂ, ಜಠರದಲ್ಲಿರುವ ಈ ಬ್ಯಾಕ್ಟೀರಿಯಾಕ್ಕೂ ತಗಲುತ್ತದೆ. ಬಲಹೀನವಾದವು ಸಾಯುತ್ತವೆ. ವಂಶವಾಹಿಯಲ್ಲಿ ಸಣ್ಣ ಬದಲಾವಣೆ ಹೊತ್ತು ಔಷಧದ ಹಿಡಿತ ತಪ್ಪಿಸಿಕೊಂಡವು ಉಳಿದು ಹೆಚ್ಚುತ್ತವೆ. ಸೋಂಕು ಹೆಚ್ಚಾಗಿ ಅಂಟುವುದು ಎಳವೆಯಲ್ಲಿ, ಮನೆಯವರಿಂದಲೇ. ಹೀಗೆ ತಾಯಿಯ ಜಠರದಲ್ಲಿ ಗಟ್ಟಿಯಾದ ಬ್ಯಾಕ್ಟೀರಿಯಾ ಮಗುವಿಗೆ ದಾಟಿದರೆ, ಆ ಔಷಧವನ್ನು ಎಂದೂ ನುಂಗದ ಮಗುವಿನಲ್ಲೂ ಅದು ಕೆಲಸ ಮಾಡುವುದಿಲ್ಲ.

ಔಷಧ ಸೋತಾಗ ಹಳೆಯ ನಂಜುನಿರೋಧಕ ಬಣ್ಣಗಳ ಕಡೆ ಸಂಶೋಧಕರ ಕಣ್ಣು ಹೊರಳುವುದು ಸಹಜ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಗಾಯಗಳಿಗೆ ಹಚ್ಚಿದ ಹಳದಿ ಬಣ್ಣ ಅಕ್ರಿಫ್ಲೇವಿನ್. ಜಠರದ ಒಳಪದರದ ಮೇಲೆ ಇದನ್ನು ಸಿಂಪಡಿಸಿ, ಎಂಡೋಸ್ಕೋಪಿನ ತುದಿಯಲ್ಲಿರುವ ಸೂಕ್ಷ್ಮದರ್ಶಕದಿಂದ ಬ್ಯಾಕ್ಟೀರಿಯಾವನ್ನು ನೇರವಾಗಿ ಕಾಣಬಹುದೆಂದು 2005ರಲ್ಲಿ ಜರ್ಮನಿಯ ವೈದ್ಯರು ವರದಿ ಮಾಡಿದರು. ಆದರೆ ಅಕ್ರಿಫ್ಲೇವಿನ್ ನಮ್ಮದೇ ಕೋಶಗಳ ಡಿಎನ್‌ಎ ಎಳೆಗಳ ನಡುವೆಯೂ ನುಸುಳಿ ಕೂರುತ್ತದೆ. ಮಕ್ಕಳ ಬಾಯಿಹುಣ್ಣಿಗೆ ಹಚ್ಚುತ್ತಿದ್ದ ನೇರಳೆ ಮದ್ದು ಜೆನ್ಶಿಯನ್ ವಯೊಲೆಟ್ ಕ್ಯಾನ್ಸರ್‌ಗೆ ಕಾರಣವಾಗಬಹುದೆಂದು 2019ರಲ್ಲಿ ಕೆನಡಾದ ಆರೋಗ್ಯ ಇಲಾಖೆ ಎಚ್ಚರಿಸಿತು. ಎಂಡೋಸ್ಕೋಪಿಯಲ್ಲಿ ಬಳಸುವ ಮೆಥಿಲೀನ್ ಬ್ಲೂ, ಬೆಳಕು ಬಿದ್ದಾಗ ಅನ್ನನಾಳದ ಕೋಶಗಳ ಡಿಎನ್‌ಎಗೆ ಹಾನಿ ಮಾಡಿದ್ದನ್ನು 2003ರಲ್ಲಿ ಬ್ರಿಟನ್ನಿನ ಸಂಶೋಧಕರು ದಾಖಲಿಸಿದರು. ಚರ್ಮದ ಮೇಲಿನ ನಂಜು ಕೊಲ್ಲುವ ಬಣ್ಣವನ್ನು ಜಠರಕ್ಕೆ ಇಳಿಸುವ ಮುನ್ನ ಎಷ್ಟು ಪ್ರಮಾಣ, ಎಷ್ಟು ಹೊತ್ತು, ಯಾರಿಗೆ ಅಪಾಯ ಎಂಬುದನ್ನು ಅಳೆಯಲೇಬೇಕು. ಅಂಥ ಅಳತೆಗೆ ವರ್ಷಗಳು ಬೇಕು. ಪ್ರತಿರೋಧ ಅಲ್ಲಿಯವರೆಗೆ ಕಾಯುವುದಿಲ್ಲ.

ಆದ್ದರಿಂದ ಕೈಯಲ್ಲಿರುವ ಔಷಧಗಳನ್ನು ಉಳಿಸಿಕೊಳ್ಳುವುದೇ ಈಗಿನ ದಾರಿ. ಅಮಾಕ್ಸಿಸಿಲಿನ್, ಟೆಟ್ರಾಸೈಕ್ಲಿನ್‌ಗಳಿಗೆ ಪ್ರತಿರೋಧ ಜಗತ್ತಿನ ಹೆಚ್ಚಿನ ಕಡೆ ಇನ್ನೂ ಅಪರೂಪ. ಬಿಸ್ಮತ್ ಸೇರಿದ ನಾಲ್ಕು ಔಷಧಗಳ 14 ದಿನದ ಚಿಕಿತ್ಸೆ ಇನ್ನೂ ಫಲ ಕೊಡುತ್ತಿದೆ. ಅದನ್ನು ಆರಿಸುವುದು ವೈದ್ಯರ ಕೆಲಸ, ನಡುವೆ ಬಿಡದೆ ಮುಗಿಸುವುದು ನಮ್ಮದು.

ಇನ್ನೊಂದು ಮಾತು. ಗ್ಯಾಸ್ಟ್ರಿಕ್ ಎಂದು ತಿಂಗಳುಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗುವ ಅಭ್ಯಾಸ ಉಡುಪಿಯ ಪೇಟೆಯಲ್ಲೂ ಇದೆ, ಕಾಪು, ಕಾರ್ಕಳದ ಹಳ್ಳಿಗಳಲ್ಲೂ ಇದೆ. ಆ ಮಾತ್ರೆ ಬ್ಯಾಕ್ಟೀರಿಯಾವನ್ನು ಕೊಲ್ಲದೆ ಅದುಮಿಡುತ್ತದೆ. ಆಗ ಸೋಂಕಿದ್ದರೂ ಜೆಲ್ ಹಳದಿಯಾಗಿಯೇ ಉಳಿಯಬಹುದು. ಹಾಗಾಗಿ ಪರೀಕ್ಷೆಗೆ ಎರಡು ವಾರ ಮೊದಲು ಈ ಮಾತ್ರೆಯನ್ನು, ನಾಲ್ಕು ವಾರ ಮೊದಲು ಆ್ಯಂಟಿಬಯಾಟಿಕ್‌ಗಳನ್ನು ವೈದ್ಯರಿಗೆ ತಿಳಿಸಿಯೇ ನಿಲ್ಲಿಸಬೇಕು. ಚಿಕಿತ್ಸೆ ಮುಗಿದು ಕನಿಷ್ಠ ನಾಲ್ಕು ವಾರದ ನಂತರ ಮತ್ತೆ ಪರೀಕ್ಷಿಸಬೇಕು. ಉರಿ ಶಮನವಾಯಿತೆಂದ ಮಾತ್ರಕ್ಕೆ ಸೋಂಕು ಹೋಯಿತೆಂದಲ್ಲ. ಮರುಪರೀಕ್ಷೆಗೆ ಹೋಗದವರ ಜಠರದಲ್ಲಿ ಉಳಿಯುವುದು ಮೊದಲ ಸುತ್ತಿನ ಔಷಧವನ್ನು ಗೆದ್ದ ಬ್ಯಾಕ್ಟೀರಿಯಾ, ಮುಂದೆ ಮನೆಯ ಮಗುವಿಗೆ ದಾಟುವುದೂ ಅದೇ.