ತೂತಿನ ದುಡ್ಡಿಗೆ ಮೂರು ಲಕ್ಷ? ಬೆಲೆ ನಾಣ್ಯಕ್ಕಾ, ಡಬ್ಬಿಗಾ?

ಇಳಕಲ್, ಹುನಗುಂದ, ಬಾದಾಮಿ ಕಡೆ ಹಳೇ ಮನೆಗಳಲ್ಲಿ ದೇವರ ಜಗುಲಿ ಹತ್ತಿರ ಒಂದು ಡಬ್ಬಿ ಇರುತ್ತೆ. ಸವೆದ ಅಣೆಗಳು, ಹಗುರವಾದ ಅಲ್ಯೂಮಿನಿಯಂ ಪೈಸೆಗಳು, ನಡುವೆ ದೊಡ್ಡ ತೂತಿರುವ ಕಂಚಿನ ನಾಣ್ಯ. ಬಾಗಲಕೋಟೆಯಲ್ಲಿ ಮುಳುಗಡೆಯಾಗಿ ನವನಗರಕ್ಕೆ ಬಂದವರ ಗಂಟಿನಲ್ಲೂ ಇಂಥ ಡಬ್ಬಿ ಬಂದಿದೆ. ಈಗ ಅದೇ ಡಬ್ಬಿಯ ಮೇಲೆ ವಾಟ್ಸಾಪ್ ಕಣ್ಣು ಬಿದ್ದಿದೆ.

ಹುನಗುಂದದ ನಮ್ಮ ಕಾಕಾ ಫೋನ್ ಮಾಡಿದ್ದು ಅದಕ್ಕೇ. “ತಮ್ಮಾ, ಈ ತೂತಿನ ದುಡ್ಡಿಗೆ ಮೂರು ಲಕ್ಷ ಕೊಡ್ತಾರಂತ. ಮೊದಲ 1,550 ರೂಪಾಯಿ ನೋಂದಣಿ ಫೀ ಹಾಕ್ಬೇಕಂತ.” ಹಾಕಿಯೇ ಬಿಟ್ಟಿದ್ದರು. ಆಮೇಲೆ ‘ತೆರಿಗೆ’ ಕೇಳಿದಾಗ ಅನುಮಾನ ಬಂತು. ದುಡ್ಡು ವಾಪಸ್ ಬರಲಿಲ್ಲ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಹೇಳಿತ್ತು: ಹಳೇ ನೋಟು-ನಾಣ್ಯದ ವ್ಯಾಪಾರದಲ್ಲಿ ನಾವಿಲ್ಲ, ಶುಲ್ಕ-ಕಮಿಷನ್ ಯಾವತ್ತೂ ಕೇಳಲ್ಲ, ನಮ್ಮ ಹೆಸರು, ಲೋಗೊ ಬಳಸಿ ವಂಚಿಸುತ್ತಿದ್ದಾರೆ ಅಂತ. ಆ ಪ್ರಕಟಣೆ ಕಾಕಾನ ಫೋನಿಗೆ ಫಾರ್ವರ್ಡ್ ಆಗಲಿಲ್ಲ, ಅಷ್ಟೇ.

ಆ ನಾಣ್ಯದ ಕಥೆ ಮಾತ್ರ ನಿಜಕ್ಕೂ ಚೆಂದ. 1943, ಎರಡನೇ ಮಹಾಯುದ್ಧ, ಲೋಹದ ಅಭಾವ. ಐದು ಗ್ರಾಂ ಹತ್ತಿರ ಇದ್ದ ಕಾಲಾಣೆಯನ್ನು ಬ್ರಿಟಿಷ್ ಸರ್ಕಾರ ಸುಮಾರು ಎರಡು ಗ್ರಾಂಗೆ ಇಳಿಸಿ, ನಡುವೆ ತೂತು ಕೊರೆಯಿತು. ಅದೇ ವರ್ಷ ಅಮೆರಿಕಾ ತನ್ನ ಒಂದು ಸೆಂಟನ್ನು ತಾಮ್ರ ಬಿಟ್ಟು ಸತು ಲೇಪಿಸಿದ ಉಕ್ಕಿನಲ್ಲಿ ಹೊಡೆಯಿತು. ನಮ್ಮ ತೂತಿನ ದುಡ್ಡು 1947ರವರೆಗೆ ಕೋಟಿಗಟ್ಟಲೆ ಬಂತು. ಜನ ಅದನ್ನು ಮಕ್ಕಳ ಉಡದಾರಕ್ಕೂ ಕಟ್ಟಿದರು. ಹಾಗಾಗಿ ಸಾಮಾನ್ಯ ಸ್ಥಿತಿಯ ಒಂದಕ್ಕೆ ಇವತ್ತು ಸಿಗೋದು ಕೆಲವು ಹತ್ತು ರೂಪಾಯಿ. ಲಕ್ಷ ಅಲ್ಲ.

ಹಾಗಾದರೆ ಲಕ್ಷದ ಮಾತು ಹುಟ್ಟಿದ್ದೆಲ್ಲಿ? ಪೂರ್ತಿ ಗಾಳಿಸುದ್ದಿಯೂ ಅಲ್ಲ. ನಾಣ್ಯಕ್ಕೆ 1ರಿಂದ 70ರವರೆಗೆ ಅಂಕ ಕೊಡುವ ಪದ್ಧತಿ ಇದೆ. ವಿಲಿಯಂ ಶೆಲ್ಡನ್ ಅನ್ನೋರು 1949ರಲ್ಲಿ ಇದನ್ನು ಮಾಡಿದ್ದು ಅಮೆರಿಕಾದ ಹಳೇ ಒಂದು ಸೆಂಟ್ ನಾಣ್ಯಗಳಿಗೇ. 1 ಅಂಕದ್ದಕ್ಕಿಂತ 70 ಅಂಕದ್ದಕ್ಕೆ ಎಪ್ಪತ್ತು ಪಟ್ಟು ಬೆಲೆ ಅನ್ನೋ ಲೆಕ್ಕ. ಆಮೇಲೆ 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಬಂದವು. ನೀವು ನಾಣ್ಯ ಕಳಿಸಿ, ಶುಲ್ಕ ಕಟ್ಟಿ. ಅವರು ಪರೀಕ್ಷಿಸಿ, ಅಂಕ ಹಾಕಿ, ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಸೀಲ್ ಮಾಡಿ ಕೊಡ್ತಾರೆ. ಅದೇ ‘ಸ್ಲ್ಯಾಬ್’. (ಅಲ್ಟ್ರಾಸಾನಿಕ್ ವೆಲ್ಡಿಂಗ್. ನಾನು ಇಂಜಿನಿಯರಿಂಗ್‌ನಲ್ಲಿ ಓದಿದ್ದು ಬಳಕೆಗೆ ಬಂದ ಅಪರೂಪದ ಸಂದರ್ಭ.)

ಇಲ್ಲಿಂದ ಆಟ ವಿಚಿತ್ರವಾಗುತ್ತೆ. ಕಂಪನಿಗಳು ಮೇಳಗಳಲ್ಲಿ ತಮ್ಮ ಡಬ್ಬಿ ತೋರಿಸಲು ಅಗ್ಗದ ನಾಣ್ಯ, ಎಷ್ಟೋ ಸಲ ಒಂದು ಸೆಂಟ್, ಒಳಗಿಟ್ಟು ‘ಸ್ಯಾಂಪಲ್’ ಅಂತ ಚೀಟಿ ಹಚ್ಚಿ ಪುಕ್ಕಟೆ ಹಂಚಿದವು. ಒಳಗಿನ ನಾಣ್ಯಕ್ಕೆ ಬೆಲೆಯಿಲ್ಲ ಅಂತ ಎಷ್ಟೋ ಜನ ಎಸೆದರು, ಕೆಲವರು ಒಡೆದರು. ಹಾಗಾಗಿ ಉಳಿದವು ಅಪರೂಪವಾದವು. ಇವತ್ತು ಕೆಲವು ಸಂಗ್ರಾಹಕರು ಹುಡುಕೋದು ಆ ಡಬ್ಬಿಯನ್ನೇ. ಸೆಂಟ್ ಒಂದು ನೆಪ. ಇಳಕಲ್ ಸೀರೆಗೆ ಜಿಐ ಮಾನ್ಯತೆ ಇದೆ, ಆದರೆ ಜಿಐ ಚೀಟಿಗೋಸ್ಕರ ಯಾರೂ ಸೀರೆ ಕೊಳ್ಳಲ್ಲ. ಇಲ್ಲಿ ಚೀಟಿಯೇ ಸೀರೆ.

ನನಗೆ ಇದರಲ್ಲಿ ತಪ್ಪೇನೂ ಕಾಣಲ್ಲ. ಎಲ್ಲಾ ಗೊತ್ತಿದ್ದು ಆಡುವ ಹವ್ಯಾಸ. ತೊಂದರೆ ಶುರುವಾಗೋದು ಸ್ಲ್ಯಾಬ್‌ನ ಫೋಟೋ ಮಾತ್ರ ಹುನಗುಂದ ತಲುಪಿ, ಅದರ ಲೆಕ್ಕ ತಲುಪದಿದ್ದಾಗ. ‘ಈ ಅಂಕದ್ದು ಪ್ರಪಂಚದಲ್ಲಿ ಒಂದೇ’ ಅಂದರೆ, ಆ ಕಂಪನಿಯ ಪಟ್ಟಿಯಲ್ಲಿ ಒಂದೇ ಅಂತ ಅರ್ಥ. ನಮ್ಮ ಚಿಲ್ಲರೆ ನಾಣ್ಯಗಳ ವಿಷಯದಲ್ಲಿ ಬೇರೆ ಯಾರೂ ಕಳಿಸೋ ಗೋಜಿಗೆ ಹೋಗಿಲ್ಲ ಅಂತಲೂ ಇರಬಹುದು: ಶುಲ್ಕವೇ ನಾಣ್ಯದ ಬೆಲೆಯ ಎಷ್ಟೋ ಪಟ್ಟು. ವೈಷ್ಣೋದೇವಿ ಚಿತ್ರದ ನಾಣ್ಯಕ್ಕೆ ಲಕ್ಷ ಅನ್ನೋದೂ ಇದೇ ಜಾತಿಯ ಮಾತು.

ಇನ್ನು ಮನೆಯ ಡಬ್ಬಿ. ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ತೊಳೆದ ನಾಣ್ಯ ಸಂಗ್ರಾಹಕರಿಗೆ ಬೇಡ. ಸರಕ್ಕೆ ಕೊಂಡಿ ಹಾಕಿದ್ದಕ್ಕೂ ಬೆಲೆ ಇಳಿಯುತ್ತೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಡಿ ಪ್ರಾಚ್ಯವಸ್ತು, ಪರವಾನಗಿ ಇಲ್ಲದೆ ವಿದೇಶಕ್ಕೆ ಕಳಿಸುವಂತಿಲ್ಲ. ಬಾದಾಮಿ ಕಡೆ ಹೊಲ ಉಳುವಾಗ ಸಿಕ್ಕಿದ್ದು ಬೇರೆ ಲೆಕ್ಕ: ಅದು ನಿಧಿ, ಸರ್ಕಾರಕ್ಕೆ ತಿಳಿಸಬೇಕು. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕವು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ, ಇಟ್ಟುಕೊಂಡರೆ ಅಪರಾಧವೇನಲ್ಲ.

ಆ ಡಬ್ಬಿಯಲ್ಲಿ ನಾನು ಹುಡುಕೋದು 1974ರ ಹತ್ತು ಪೈಸೆ. ಯೋಜಿತ ಕುಟುಂಬ, ಎಲ್ಲರಿಗೂ ಅನ್ನ ಎಂಬ ಘೋಷಣೆ ಹೊತ್ತ ಅಲ್ಯೂಮಿನಿಯಂ ನಾಣ್ಯ. ಪ್ರಚಾರಕ್ಕೆ ಪ್ಲಾಸ್ಟಿಕ್ ಡಬ್ಬಿಯೂ ಬೇಕಿರಲಿಲ್ಲ, ಸರ್ಕಾರ ದುಡ್ಡಿನ ಮೇಲೇ ಅಚ್ಚು ಹಾಕಿತ್ತು. ಮರುವರ್ಷ ತುರ್ತುಪರಿಸ್ಥಿತಿ, ಅದರ ಹಿಂದೆಯೇ ಬಲವಂತದ ಸಂತಾನಹರಣ. ಈ ನಾಣ್ಯಕ್ಕೆ ಸಿಗೋದು ಕೆಲವೇ ರೂಪಾಯಿ. ಕಾಕಾನ ಡಬ್ಬಿಯಲ್ಲಿ ಎರಡಿದ್ದವು, ಒಂದನ್ನು ಕೇಳಿ ಇಸಕೊಂಡೆ.