ಬೆಳಗುವ ಒತ್ತುಗುಂಡಿ

ಹೊನ್ನವಳ್ಳಿಯ ಆಸುಪಾಸಿನ ತೆಂಗಿನ ತೋಟಗಳಲ್ಲಿ ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯನ್ನು ಕಾಣದವರಿಲ್ಲ. ಹಸುರು ಗುಂಡಿಯನ್ನೊತ್ತಿದರೆ ಮೋಟಾರು ಓಡುತ್ತದೆ, ಕೆಂಪು ಗುಂಡಿಯನ್ನೊತ್ತಿದರೆ ನಿಲ್ಲುತ್ತದೆ. ಇವುಗಳ ಸಮೀಪದಲ್ಲೇ ಕೆಂಪು, ಹಳದಿ, ನೀಲಿ ವರ್ಣದ ಮೂರು ಕಿರುದೀಪಗಳಿದ್ದು, ಮೂರೂ ಒಟ್ಟಿಗೆ ಬೆಳಗಿದಾಗಲೇ ತ್ರೀ ಫೇಸ್ ಕರೆಂಟು ಬಂದಿತೆಂದು ತೋಟಗಾರನು ನಿಶ್ಚಯಿಸಿಕೊಳ್ಳುತ್ತಾನೆ. ಗುಂಡಿಯು ಮನುಷ್ಯನ ಇಚ್ಛೆಯನ್ನು ಯಂತ್ರಕ್ಕೆ ಮುಟ್ಟಿಸುವ ಸಾಧನ. ದೀಪವು ಯಂತ್ರದ ಸ್ಥಿತಿಯನ್ನು ಮನುಷ್ಯನಿಗೆ ತಿಳಿಸುವ ಸಾಧನ. ಹೀಗೆ ವಿರುದ್ಧ ದಿಕ್ಕುಗಳಲ್ಲಿ ಕೆಲಸ ಮಾಡುವ ಈ ಎರಡನ್ನೂ ಒಂದೇ ಒಡಲಿನಲ್ಲಿ ಕೂಡಿಸಿದರೆ ದೊರೆಯುವುದೇ ಬೆಳಗುವ ಒತ್ತುಗುಂಡಿ. ತಮ್ಮ ವಿದ್ಯುನ್ಮಾನ ಸಂಗೀತದ ನಿಯಂತ್ರಕವನ್ನು ತಾವೇ ಕಟ್ಟಿಕೊಳ್ಳುವವರಿಗೆ ಇದಕ್ಕಿಂತ ಮುಖ್ಯವಾದ ಬಿಡಿಭಾಗ ಬೇರೊಂದಿಲ್ಲ.

ಈ ನಿಯಂತ್ರಕಕ್ಕೆ ಸ್ವಂತ ಧ್ವನಿಯಿಲ್ಲ. ನಾದವನ್ನು ಹುಟ್ಟಿಸುವುದು ಕಂಪ್ಯೂಟರು. ಯಾವ ನಾದ, ಯಾವ ಕ್ಷಣದಲ್ಲಿ, ಎಷ್ಟು ಬಲದಿಂದ ಎಂಬ ಅಪ್ಪಣೆಯನ್ನು ಮಾತ್ರ ಪೆಟ್ಟಿಗೆಯು ಕಳುಹಿಸುತ್ತದೆ. ತುಮಕೂರು ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ರಾತ್ರಿಯಿಡೀ ನಡೆಯುವ ಕುರುಕ್ಷೇತ್ರ ನಾಟಕವನ್ನು ನೆನೆಯೋಣ. ಹಾರ್ಮೋನಿಯಂ ಮೇಷ್ಟ್ರ ಪಕ್ಕದಲ್ಲಿ ಈಗ ಕೀಬೋರ್ಡು, ರಿದಂ ಪ್ಯಾಡುಗಳು ಬಂದು ಕುಳಿತಿವೆ. ಶಂಖನಾದ, ಗುಡುಗು, ರಥದ ಸದ್ದು ಇವೆಲ್ಲವನ್ನೂ ಹದಿನಾರು ಗುಂಡಿಗಳ ಒಂದು ಪೆಟ್ಟಿಗೆಯಿಂದ ನುಡಿಸಬಹುದು. ಆದರೆ ಹಾರ್ಮೋನಿಯಂ ಮನೆಗಳಿಗೆ ಕರಿ ಬಿಳಿಯ ಭೇದವಾದರೂ ಉಂಟು. ಇಲ್ಲಿ ಹದಿನಾರೂ ಒಂದೇ ರೂಪದವು, ರಂಗದ ಪಕ್ಕದಲ್ಲೋ ಕತ್ತಲೆ. ಯಾವ ಸದ್ದು ಸಿದ್ಧವಾಗಿದೆ, ಯಾವುದು ಈಗ ನುಡಿಯುತ್ತಿದೆ ಎಂಬುದನ್ನು ಬೆಳಕೇ ಹೇಳಬೇಕು.

ಇಲ್ಲಿಯೇ ಹೊಸಬರು ಎಡವುವುದು. ಗುಂಡಿಯನ್ನೊತ್ತಿದರೆ ದೀಪ ತಾನಾಗಿ ಹೊತ್ತಿಕೊಳ್ಳುವಂತೆ ಎರಡನ್ನೂ ಒಂದೇ ತಂತಿಗೆ ಬೆಸೆದುಬಿಟ್ಟರೆ, ಆ ದೀಪ ಹೇಳುವುದು ಬೆರಳಿನ ಸಮಾಚಾರವನ್ನೇ ಹೊರತು ನಾದದ ಸಮಾಚಾರವನ್ನಲ್ಲ. ಬೆರಳು ಒತ್ತಿದೆಯೆಂಬುದು ಬೆರಳಿಗೇ ತಿಳಿದಿದೆಯಲ್ಲವೆ? ಆದುದರಿಂದ ಉತ್ತಮವಾದ ಗುಂಡಿಗೆ ಕಡಮೆಯೆಂದರೆ ನಾಲ್ಕು ಕಾಲುಗಳಿರಬೇಕು: ಎರಡು ಸ್ವಿಚ್ಚಿಗೆ, ಎರಡು ದೀಪಕ್ಕೆ. ಬೆರಳೊತ್ತಿದ ಸುದ್ದಿ ಕಂಪ್ಯೂಟರಿಗೆ ಹೋಗಿ, ಅದು ನಾದವನ್ನು ಹೊರಡಿಸಿ, ಆಮೇಲೆ ತಾನೇ ದೀಪ ಹಚ್ಚೆಂದು ಮರಳಿ ಆಜ್ಞಾಪಿಸಬೇಕು. ಈ ಹೋಗಿಬರುವಿಕೆಗೆ ಕಾಲವೆಷ್ಟು ವ್ಯರ್ಥವಾದೀತೋ ಎಂಬ ಭಯ ಬೇಡ. 1983ರಲ್ಲಿ ಲೋಕದ ಮುಂದೆ ಬಂದ ‘ಮಿಡಿ’ ಎಂಬ ವಾದ್ಯಸಂಕೇತಪದ್ಧತಿಯು ತನ್ನ ಮೂಲ ತಂತಿಯಲ್ಲಿ ಸೆಕೆಂಡಿಗೆ 31,250 ಬಿಟ್‌ಗಳನ್ನು ಒಯ್ಯುತ್ತದೆ. ಮೂರು ಬೈಟ್‌ಗಳ ಒಂದು ಸ್ವರಾಜ್ಞೆ ಸಾಗಲು ಸೆಕೆಂಡಿನ ಸಾವಿರದ ಒಂದು ಪಾಲೂ ಬೇಕಾಗದು. ಒತ್ತಿ ಬಿಟ್ಟೊಡನೆ ಮೇಲೇಳುವ ಗುಂಡಿಯೇ ಇದಕ್ಕೆ ತಕ್ಕುದು. ಒತ್ತಿದಲ್ಲೇ ಕಚ್ಚಿಕೊಳ್ಳುವ ಗುಂಡಿಯು ಕಂಪ್ಯೂಟರು ನಾದವನ್ನು ನಿಲ್ಲಿಸಿದ ಮೇಲೂ ತಗ್ಗಿಯೇ ಇದ್ದು ಸುಳ್ಳು ಹೇಳುತ್ತದೆ.

2006ರಲ್ಲಿ ಅಮೆರಿಕದಲ್ಲಿ ಬ್ರಯನ್ ಕ್ರ್ಯಾಬ್‌ಟ್ರೀ ಮತ್ತು ಕೆಲ್ಲಿ ಕೇನ್ ಹೊರತಂದ ‘ಮೋನೋಮ್’ ಪೆಟ್ಟಿಗೆಯ 64 ಗುಂಡಿಗಳು ಈ ತತ್ತ್ವವನ್ನೇ ಆಶ್ರಯಿಸಿದ್ದವು. ಗುಂಡಿಗೂ ದೀಪಕ್ಕೂ ಅದರಲ್ಲಿ ನೇರ ಸಂಬಂಧವಿಲ್ಲ, ಸಂಬಂಧವನ್ನು ಕಲ್ಪಿಸುವವನು ವಾದಕನೇ. ಸಂಗೀತ ಬಲ್ಲವನೇ ಬೆಸುಗೆಯ ಕಡ್ಡಿ ಹಿಡಿಯುವುದು ನಮ್ಮ ನಾಡಿಗೂ ಹೊಸತಲ್ಲ: ಬೆಂಗಳೂರಿನ ಎಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲೇ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ನಿರ್ಮಿಸಿದರು, ಇಂದು ಅಂಥ ಪೆಟ್ಟಿಗೆಯಿಲ್ಲದ ಕಛೇರಿಯೇ ಅಪರೂಪ.

ಕಟ್ಟುವ ಕ್ರಮದಲ್ಲಿ ಕೆಲವು ಸೂಕ್ಷ್ಮಗಳುಂಟು. ಲೋಹದ ತುದಿಗಳೆರಡು ಕೂಡುವಾಗ ಕೆಲವು ಮಿಲಿಸೆಕೆಂಡುಗಳ ಕಾಲ ಅದುರುವುದರಿಂದ, ಆ ಅವಧಿಯನ್ನು ಲೆಕ್ಕಕ್ಕೆ ಹಿಡಿಯದಂತೆ ಪ್ರೋಗ್ರಾಮಿನಲ್ಲಿ ಬರೆಯದಿದ್ದರೆ ಒಂದು ಗುಡುಗಿಗೆ ಮೂರು ಗುಡುಗು ಕೇಳಿಬರುತ್ತವೆ. ಗುಂಡಿಗಳನ್ನು ನಾಲ್ಕು ಅಡ್ಡಸಾಲು, ನಾಲ್ಕು ಉದ್ದಸಾಲುಗಳಾಗಿ ಹೆಣೆದರೆ ಹದಿನಾರನ್ನು ಎಂಟೇ ತಂತಿಗಳಿಂದ ಓದಬಹುದು. ಆದರೆ ಪ್ರತಿಯೊಂದಕ್ಕೂ ಒಂದು ಡಯೋಡು ಇರಲೇಬೇಕು, ಇಲ್ಲವಾದರೆ ಮೂರನ್ನು ಒಟ್ಟಿಗೆ ಒತ್ತಿದಾಗ ಒತ್ತದ ನಾಲ್ಕನೆಯದೂ ಒತ್ತಿದಂತೆ ತೋರೀತು. ಐದು ವೋಲ್ಟಿನಲ್ಲಿ ಕೆಂಪು ಎಲ್‌ಇಡಿಗೆ 330 ಓಮಿನ ರೆಸಿಸ್ಟರ್ ಸಾಕು, ಕಣ್ಣಿಗೂ ಹಿತ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳಹೋಗುವ ತರುಣರು ಅಂಗಡಿಯವರನ್ನು ಎರಡು ಮಾತು ಕೇಳತಕ್ಕದ್ದು: ದೀಪದ ಕಾಲುಗಳು ಪ್ರತ್ಯೇಕವಾಗಿವೆಯೆ, ದೀಪ ಎಷ್ಟು ವೋಲ್ಟಿನದು? ಆಟದ ಯಂತ್ರಗಳಿಗೆಂದು ಬರುವ ಎಷ್ಟೋ ಗುಂಡಿಗಳ ದೀಪಗಳು ಹನ್ನೆರಡು ವೋಲ್ಟಿನವಾಗಿದ್ದು ಐದು ವೋಲ್ಟಿನಲ್ಲಿ ಸರಿಯಾಗಿ ಬೆಳಗುವುದಿಲ್ಲ. ಇನ್ನು ಮೋಟಾರಿನ ಸ್ಟಾರ್ಟರಿನದು ಪ್ರಾಣಾಂತಿಕವಾದ ಕರೆಂಟು. ಪ್ರಯೋಗಕ್ಕೆಂದು ಆ ಪೆಟ್ಟಿಗೆಗೆ ಯಾರೂ ಕೈಹಾಕಬಾರದು.